ಅಗೆಯದೆ ತರಕಾರಿ ಮಡಿ: ಹಿತ್ತಲಲ್ಲಿ ಮೊದಲ ಸಲ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ನೆಲ ಅಗೆಯದೆ ತರಕಾರಿ ಬೆಳೆಯಲು ಹೊರಟವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ರಟ್ಟು ಹಾಸಿದೆವು, ಗೊಬ್ಬರ ಸುರಿದೆವು, ಸಸಿ ನೆಟ್ಟೆವು. ಹದಿನೈದು ದಿನಕ್ಕೆ ಎಲೆ ಹಳದಿಯಾಯಿತು, ತಿಂಗಳಿಗೆ ಗರಿಕೆ ಮೇಲೆದ್ದಿತು, ಅಷ್ಟರಲ್ಲಿ ರಟ್ಟಿಗೆ ಗೆದ್ದಲೂ ಹತ್ತಿತು. ಕೊನೆಗೆ ‘ಇದು ನಮ್ಮ ಮಣ್ಣಿಗೆ ಆಗಿಬರುವುದಲ್ಲ’ ಎಂದು ಮತ್ತೆ ಗುದ್ದಲಿ ಹಿಡಿಯುತ್ತಾರೆ. ನಮ್ಮ ಮಣ್ಣಿಗೆ ಈ ವಿಧಾನ ಚೆನ್ನಾಗಿಯೇ ಒಗ್ಗುತ್ತದೆ. ಕೆಡುವುದು ಬೇರೆ ಕಡೆ: ತಂದ ಗೊಬ್ಬರ ಕಳಿತಿರುವುದಿಲ್ಲ, ಇಲ್ಲವೇ ಹಂತಗಳು ಹಿಂದುಮುಂದಾಗಿರುತ್ತವೆ. ಅಗೆಯುವ ಶ್ರಮ ಉಳಿಯುವುದು ನಿಜ. ಆದರೆ ಆ ಶ್ರಮದ ಒಂದು ಪಾಲನ್ನು ಒಳ್ಳೆಯ ಗೊಬ್ಬರ ಹುಡುಕುವುದಕ್ಕೆ ಕೊಡಲೇಬೇಕು. ಕಳಿತ ಗೊಬ್ಬರ ಸಿಗದಿದ್ದರೆ ಈ ಹಂಗಾಮು ಬಿಟ್ಟು ಮುಂದಿನದಕ್ಕೆ ಶುರು ಮಾಡಿ. ಅರೆಬರೆ ಗೊಬ್ಬರದಲ್ಲಿ ಮಾಡಿದ ಮಡಿಯನ್ನು ಸರಿಪಡಿಸುವುದಕ್ಕಿಂತ ಕಾಯುವುದು ಸುಲಭ.

ವಿಧಾನದ ಒಳಗುಟ್ಟು ಇಷ್ಟೇ. ನೆಲದ ಮೇಲೆ ಹಾಸಿದ ರಟ್ಟಿನ ಕೆಳಗೆ ಬೆಳಕು ಸಿಗದೆ ಹಳೆಯ ಕಳೆ ಸಾಯುತ್ತದೆ. ಮೇಲಿನ ಗೊಬ್ಬರವನ್ನು ಎರೆಹುಳುಗಳು ಕೆಳಕ್ಕೆ ಒಯ್ಯುತ್ತವೆ, ಅವುಗಳ ದಾರಿಯಲ್ಲೇ ಬೇರು ಇಳಿಯುತ್ತದೆ. ಅಗೆದಾಗ ಕೆಳಗೆ ಮಲಗಿದ್ದ ಕಳೆಬೀಜಗಳು ಬೆಳಕಿಗೆ ಬಂದು ಮೊಳೆಯುತ್ತವೆ. ಇಲ್ಲಿ ಅವು ಮಲಗಿದಲ್ಲೇ ಉಳಿಯುತ್ತವೆ. ಕೆಳಗಿನ ಹಂತಗಳೆಲ್ಲ ಈ ಕೆಲಸಗಳಿಗೆ ಅಡ್ಡಿ ಬಾರದಂತೆ ನೋಡಿಕೊಳ್ಳುವುದಕ್ಕಾಗಿ.

ಯಾವಾಗ ಶುರು ಮಾಡಬೇಕು

ಬಯಲುಸೀಮೆ ಮತ್ತು ಹಳೇ ಮೈಸೂರಿನ ಕಡೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗಿನ ದಿನಗಳು ಒಳ್ಳೆಯವು. ಭರಣಿ, ಕೃತ್ತಿಕೆ ಮಳೆ ಒಂದೆರಡು ಬಿದ್ದು ನೆಲ ನೆನೆದಿರುತ್ತದೆ. ಆಗ ರಟ್ಟು ಹಾಸಿದರೆ ಮೃಗಶಿರಾ ಮಳೆಯ ಹೊತ್ತಿಗೆ ಮಡಿ ಬಿತ್ತನೆಗೆ ಸಿದ್ಧವಾಗುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ನೆಲದ ಮೇಲೆ ಹಾಸಿದ ರಟ್ಟು ಕೊಳೆಯುವುದಿಲ್ಲ, ಗೆದ್ದಲಿಗೆ ಊಟವಾಗುತ್ತದೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಲೆಕ್ಕ ಬೇರೆ. ಅಲ್ಲಿಯ ಜೂನ್, ಜುಲೈ ಮಳೆಗೆ ಹೊಸ ಗೊಬ್ಬರದ ಸಾರ ತೊಳೆದುಹೋಗುತ್ತದೆ, ಬಸವನಹುಳುಗಳ ಕಾಟವೂ ಆಗಲೇ ಜಾಸ್ತಿ. ಮಳೆಯ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಶುರು ಮಾಡಿ.

ಬೇಕಾದ ಸಾಮಾನು

ಮೊದಲ ಮಡಿ 4 ಅಡಿ ಅಗಲ, 8 ಅಡಿ ಉದ್ದ ಇದ್ದರೆ ಸಾಕು. ಇದಕ್ಕೆ:

– ಕಂದು ಬಣ್ಣದ ದಪ್ಪ ರಟ್ಟು, ಎರಡು ಪದರ ಹಾಸುವಷ್ಟು. ಫ್ರಿಜ್, ವಾಷಿಂಗ್ ಮಷಿನ್ ಬರುವ ದೊಡ್ಡ ಪೆಟ್ಟಿಗೆಗಳು ಸಿಕ್ಕರೆ ಜೋಡಣೆ ಕಡಿಮೆಯಾಗುತ್ತದೆ.
– ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, 20 ಲೀಟರ್ ಬಕೆಟ್ಟಿನಲ್ಲಿ 22–23 ಬಕೆಟ್.
– ಬೇವಿನ ಹಿಂಡಿ ಅರ್ಧ ಕಿಲೋ.
– ಹೊದಿಕೆಗೆ ಒಣ ಎಲೆ ಅಥವಾ ಭತ್ತದ ಹುಲ್ಲು, ಎರಡು ಗೋಣಿಚೀಲ.
– ಕುಡುಗೋಲು, ಸಲಿಕೆ, ಬಾಂಡ್ಲಿ, ಕತ್ತರಿ, ತುದಿಗೆ ಹನಿ ಚೆಲ್ಲುವ ರೋಸ್ ಇರುವ ನೀರಿನ ಪೈಪು, ಒಂದು ಕಬ್ಬಿಣದ ಸಲಾಕೆ.

ಮಡಿಯ ಅಂಚಿಗೆ ಇಟ್ಟಿಗೆ, ಹಲಗೆ ಕಡ್ಡಾಯವಲ್ಲ. ಇಟ್ಟಿಗೆಯ ಸಂದುಗಳು ಹಗಲು ಹೊತ್ತು ಬಸವನಹುಳುಗಳಿಗೆ ಮನೆಯಾಗುತ್ತವೆ. ಹಣ ಉಳಿದರೆ ಅದನ್ನು ಗೊಬ್ಬರಕ್ಕೆ ಹಾಕಿ.

ಹಂತ 1: ಜಾಗ ಆರಿಸಿ, ನೆಲ ಚುಚ್ಚಿ ನೋಡಿ

ದಿನಕ್ಕೆ ಕನಿಷ್ಠ 5–6 ಗಂಟೆ ನೇರ ಬಿಸಿಲು ಬೀಳಬೇಕು. ತೆಂಗು, ಮಾವಿನ ಬುಡದ ಹತ್ತಿರ ಬೇಡ. ಅವುಗಳ ಬೇರು ನಿಮ್ಮ ಗೊಬ್ಬರಕ್ಕೆ ಮೇಲೆದ್ದು ಬರುತ್ತದೆ. ಮನೆಯ ಗೋಡೆಯಿಂದ 2 ಅಡಿಯಾದರೂ ದೂರವಿರಲಿ. ಒದ್ದೆ ರಟ್ಟು ಗೋಡೆಗೆ ತಾಗಿದ್ದರೆ ತೇವ ಅಡಿಪಾಯಕ್ಕೆ ಏರುತ್ತದೆ, ಗೆದ್ದಲಿಗೆ ಬಾಗಿಲ ಚೌಕಟ್ಟಿನವರೆಗೂ ದಾರಿಯಾಗುತ್ತದೆ. ಅಗಲ 4 ಅಡಿ ಮೀರಬಾರದು. ಎರಡೂ ಬದಿಯಿಂದ ಕೈಚಾಚಿದರೆ ನಡು ಸಿಗಬೇಕು, ಏಕೆಂದರೆ ಈ ಮಡಿಯ ಮೇಲೆ ಮುಂದೆಂದೂ ಕಾಲಿಡುವಂತಿಲ್ಲ.

ಮಳೆ ಬಿದ್ದ ಮಾರನೆಯ ದಿನ ಸಲಾಕೆಯನ್ನು ನಾಲ್ಕಾರು ಕಡೆ ಕೈಬಲದಿಂದ ಚುಚ್ಚಿ. ಅರ್ಧ ಅಡಿ ಇಳಿದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಎರಡೇ ಇಂಚಿಗೆ ನಿಂತರೆ ಕೆಳಗೆ ಏನಿದೆ ನೋಡಬೇಕು. ಹೊಸ ಬಡಾವಣೆಯ ಸೈಟುಗಳಲ್ಲಿ ಮನೆ ಕಟ್ಟುವಾಗ ಜಲ್ಲಿ, ಸಿಮೆಂಟ್ ಚೂರು, ಒಡೆದ ಟೈಲ್ಸ್ ಎಲ್ಲ ಸೇರಿ, ಲಾರಿ ಓಡಾಡಿ ನೆಲ ಗಟ್ಟಿಕಟ್ಟಿರುತ್ತದೆ. ಅಂಥ ನೆಲಕ್ಕೆ ಮೇಲಿನ ಗೊಬ್ಬರವೊಂದೇ ಸಾಲದು. ಒಂದೇ ಒಂದು ಸಲ ಪಿಕಾಸಿಯಿಂದ ಸಡಿಲಿಸಿ, ಕಲ್ಲು, ಸಿಮೆಂಟ್ ಹೆಕ್ಕಿ, ಆಮೇಲೆ ರಟ್ಟು ಹಾಸಿ. ಹೀಗೆ ಮಾಡಿದರೆ ವಿಧಾನ ಕೆಟ್ಟಿತು ಎಂದು ಸಂಕೋಚಪಡಬೇಕಾಗಿಲ್ಲ. ಅಗೆಯದೆ ಬೆಳೆಯುವುದು ಆ ದಿನದಿಂದ ಶುರುವಾಗುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣಿನವರು ನೀರು ನಿಲ್ಲುವ ತಗ್ಗನ್ನು ಬಿಟ್ಟು, ಇದ್ದುದರಲ್ಲಿ ಎತ್ತರದ ಜಾಗ ಹಿಡಿಯಬೇಕು.

ಹಂತ 2: ಗೊಬ್ಬರ ಪರೀಕ್ಷಿಸಿ

ಸೋಲಿನ ದೊಡ್ಡ ಪಾಲು ಇಲ್ಲೇ ಆಗುವುದರಿಂದ ಈ ಹಂತಕ್ಕೆ ಅವಸರ ಬೇಡ. ರಟ್ಟು ಹಾಸುವ ದಿನಕ್ಕೆ ಮೂರು ವಾರ ಮೊದಲೇ ಗೊಬ್ಬರ ಮನೆಗೆ ಬಂದಿರಬೇಕು.

ಮೊದಲು ಮೂಗು, ಆಮೇಲೆ ಕೈ. ಕಳಿತ ಗೊಬ್ಬರಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆ ಇರುತ್ತದೆ. ಮೂಗಿಗೆ ಘಾಟು ಹತ್ತಿದರೆ, ಸಗಣಿಯ ವಾಸನೆ ಇದ್ದರೆ ಅದು ಇನ್ನೂ ಹಸಿ. ರಾಶಿಯ ಒಳಗೆ ಮೊಳಕೈವರೆಗೆ ಕೈ ತೂರಿಸಿ ನೋಡಿ. ಬಿಸಿ ತಾಗಿದರೆ ಕೊಳೆಯುವ ಕೆಲಸ ನಡೆದೇ ಇದೆ ಎಂದರ್ಥ. ಹಿಡಿ ತೆಗೆದು ಅಮುಕಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಹುಲ್ಲಿನ ಎಳೆ, ಮೇವಿನ ದಂಟು ಗುರುತು ಸಿಗುವಂತಿದ್ದರೆ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಮುಚ್ಚಿಟ್ಟು ಇನ್ನೊಂದೆರಡು ತಿಂಗಳು ಬಿಡಿ.

ನಗರದಲ್ಲಿ ಚೀಲದಲ್ಲಿ ಕೊಳ್ಳುವವರು ಇನ್ನೊಂದನ್ನು ನೋಡಬೇಕು. ಒಂದು ಹಿಡಿ ಗೊಬ್ಬರವನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ತಳದಲ್ಲಿ ಕೆಮ್ಮಣ್ಣು, ಮರಳು ದಪ್ಪವಾಗಿ ಕುಳಿತರೆ ನೀವು ಗೊಬ್ಬರದ ಬೆಲೆಗೆ ಮಣ್ಣು ಕೊಂಡಿದ್ದೀರಿ. ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಗೊಬ್ಬರವಲ್ಲ. ಅದು ನೀರು ಹಿಡಿದಿಡುತ್ತದೆ, ಗಿಡಕ್ಕೆ ಊಟ ಕೊಡುವುದಿಲ್ಲ. ಗೊಬ್ಬರ ಸಾಲದೆಂದು ಅರ್ಧಕ್ಕರ್ಧ ಕೊಕೊಪೀಟ್ ಬೆರೆಸಿದ ಮಡಿಗಳಲ್ಲಿ ಗಿಡ ಏಳುವುದೇ ಇಲ್ಲ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಕಬೇಡಿ.

ಕೊನೆಯದು ಬೀಜದ ಪರೀಕ್ಷೆ. ಇದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಒಂದು ಕುಂಡಕ್ಕೆ ತಂದ ಗೊಬ್ಬರ, ಇನ್ನೊಂದಕ್ಕೆ ತೋಟದ ಮಾಮೂಲಿ ಮಣ್ಣು ತುಂಬಿ, ಎರಡರಲ್ಲೂ ನಾಲ್ಕು ಅಲಸಂದೆ ಅಥವಾ ಬೀನ್ಸ್ ಬೀಜ ಹಾಕಿ. ಎರಡು ವಾರದಲ್ಲಿ ಗೊಬ್ಬರದ ಕುಂಡದ ಎಲೆಗಳು ಬಟ್ಟಲಿನಂತೆ ಮುದುಡಿದರೆ, ತುದಿ ತಿರುಚಿಕೊಂಡರೆ ಕಳೆನಾಶಕದ ಅಂಶ ಇರಬಹುದು. ಕಬ್ಬು, ಜೋಳದ ಹೊಲಗಳಿಗೆ 2,4-ಡಿ ಹೊಡೆಯುವುದುಂಟು. ಅಲ್ಲಿಯ ಮೇವು ತಿಂದ ದನದ ಸಗಣಿಯಲ್ಲಿ, ಅಲ್ಲಿಯ ತರಗಿನಲ್ಲಿ ಅದರ ಶೇಷ ಉಳಿದಿರಬಹುದು. ಬೀನ್ಸ್, ಟೊಮೆಟೊ ಎರಡಕ್ಕೂ ಅದು ಬೇಗ ತಾಗುತ್ತದೆ. ಬೀಜ ಮೊಳೆಯದೆ ಕೊಳೆತರೆ, ಬೇರಿನ ತುದಿ ಕಂದಾದರೆ ಗೊಬ್ಬರ ಹಸಿಯಾಗಿದೆ. ಎರಡೂ ಕುಂಡ ಒಂದೇ ಥರ ಬೆಳೆದರೆ ಧೈರ್ಯವಾಗಿ ಬಳಸಿ.

ಗೊಬ್ಬರದಲ್ಲಿ ‘ಸಿ’ ಆಕಾರದಲ್ಲಿ ಸುರುಳಿ ಸುತ್ತಿದ ದಪ್ಪ ಬಿಳಿ ಗೊಣ್ಣೆಹುಳು ಕಂಡರೆ ಹೆಕ್ಕಿ ಕೋಳಿಗೆ ಹಾಕಿ. ಅವುಗಳಲ್ಲಿ ಕೆಲವು ಜಾತಿಗಳು ಬೇರು ತಿನ್ನುತ್ತವೆ, ಯಾವುದು ಎಂದು ನೋಡಿ ಗುರುತಿಸುವುದು ಕಷ್ಟ.

ಹಂತ 3: ಕಳೆ ಕೊಯ್ದು ಅಲ್ಲೇ ಬಿಡಿ, ನೆಲ ನೆನೆಸಿ

ಕಳೆಯನ್ನು ಬೇರುಸಮೇತ ಕೀಳಬೇಕಾಗಿಲ್ಲ. ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಹರಡಿ. ಹೂ ಬಿಟ್ಟ ಕಾಂಗ್ರೆಸ್ ಗಿಡ, ಬೀಜ ಕಟ್ಟಿದ ಹುಲ್ಲು ಮಾತ್ರ ಹೊರಗೆ ಹೋಗಬೇಕು. ಲಂಟಾನ, ಹಿಪ್ಪುನೇರಳೆಯಂಥ ಕಟ್ಟಿಗೆಯ ಬುಡ ರಟ್ಟಿಗೆ ಬಗ್ಗುವುದಿಲ್ಲ, ಅವನ್ನು ಕಿತ್ತೇ ತೆಗೆಯಿರಿ.

ತುಂಗೆ ಹುಲ್ಲು, ಕೆಲವು ಕಡೆ ಜೇಕು ಅಥವಾ ಕೊನ್ನಾರಿ ಎನ್ನುವುದು, ಇದೆಯೇ ನೋಡಿಕೊಳ್ಳಿ. ಅದರ ಗಡ್ಡೆಯಿಂದ ಹೊರಡುವ ಮೊಳಕೆ ಸೂಜಿಯಂತಿದ್ದು ರಟ್ಟನ್ನಷ್ಟೇ ಅಲ್ಲ, ಪ್ಲಾಸ್ಟಿಕ್ ಹಾಳೆಯನ್ನೂ ತೂರಿ ಬರುತ್ತದೆ. ಅಲ್ಲಲ್ಲಿ ನಾಲ್ಕು ಗಿಡವಿದ್ದರೆ ಸಲಾಕೆಯಿಂದ ಗಡ್ಡೆ ಸಮೇತ ಎಬ್ಬಿಸಿ. ಜಾಗದ ತುಂಬ ಅದೇ ಇದ್ದರೆ ಮೊದಲ ವರ್ಷ ಅಲ್ಲಿ ಸೊಪ್ಪು, ಬೆಂಡೆ ಬೇಡ. ಗೊಬ್ಬರ ಹಾಕಿ ಗೆಣಸಿನ ಬಳ್ಳಿ ಹಬ್ಬಿಸಿ. ತುಂಗೆ ನೆರಳಿಗೆ ಸೋಲುವ ಕಳೆ, ದಟ್ಟವಾಗಿ ಹಬ್ಬಿದ ಗೆಣಸಿನ ಕೆಳಗೆ ಅದು ಸೊರಗುತ್ತದೆ.

ಆಮೇಲೆ ನೆಲಕ್ಕೆ ನೀರು ಹಾಯಿಸಿ. ಮೇಲ್ಮೈ ಒದ್ದೆಯಾದರೆ ಸಾಲದು, ಬೆರಳುದ್ದ ಒಳಗೂ ಹಸಿ ಇರಬೇಕು. ಒಣ ನೆಲದ ಮೇಲೆ ರಟ್ಟು ಹಾಸಿದರೆ ಮೇಲಿನಿಂದ ಎಷ್ಟು ನೀರು ಹಾಕಿದರೂ ಕೆಳಗೆ ಒಣಗಿಯೇ ಇರುತ್ತದೆ, ಎರೆಹುಳು ಮೇಲೆ ಬರುವುದಿಲ್ಲ. ನೆಲ ನೆನೆದ ಮೇಲೆ ಬೇವಿನ ಹಿಂಡಿಯನ್ನು ಪುಡಿ ಮಾಡಿ ಉದುರಿಸಿ.

ಹಂತ 4: ರಟ್ಟು ಹಾಸುವುದು

ಟೇಪು, ಸ್ಟೇಪಲ್ ಪಿನ್ನು, ಅಂಟು ಚೀಟಿ ಎಲ್ಲ ಕಿತ್ತು ತೆಗೆಯಿರಿ. ಮಿರಮಿರ ಹೊಳೆಯುವ, ಪ್ಲಾಸ್ಟಿಕ್ ಪೊರೆ ಅಂಟಿಸಿದ ರಟ್ಟು ಬೇಡ. ರಟ್ಟು ಸಿಗದಿದ್ದರೆ ಪತ್ರಿಕೆಯ 8–10 ಹಾಳೆ ಒಟ್ಟಿಗೆ ಹಾಸಬಹುದು. ಹಳೆಯ ಫ್ಲೆಕ್ಸ್ ಬ್ಯಾನರ್ ಮಾತ್ರ ಹಾಸಬಾರದು. ಅದು ಕೊಳೆಯುವುದಿಲ್ಲ, ಬೇರು ಇಳಿಯಲು ಬಿಡುವುದಿಲ್ಲ, ಮಳೆಗಾಲದಲ್ಲಿ ನೀರು ಕಟ್ಟಿಹಾಕುತ್ತದೆ.

ಹಾಸುವ ಮುನ್ನ ರಟ್ಟನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆದರೆ ನೆಲಕ್ಕೆ ಚೆನ್ನಾಗಿ ಅಂಟಿ ಕೂರುತ್ತದೆ. ಒಂದರ ಅಂಚಿನ ಮೇಲೆ ಇನ್ನೊಂದು ಅರ್ಧ ಅಡಿ ಏರಬೇಕು. ಗರಿಕೆ ಮೇಲೇಳುವುದು ರಟ್ಟಿನ ನಡುವಿನಿಂದಲ್ಲ, ಈ ಜೋಡಣೆಯ ಸಂದಿನಿಂದ. ಅಗಲ ಕಡಿಮೆಯಾದರೆ ಅದರ ಕುಡಿ ಅಡ್ಡಡ್ಡ ಹರಿದು ಬೆಳಕು ಹುಡುಕಿಕೊಳ್ಳುತ್ತದೆ. ಎರಡನೇ ಪದರವನ್ನು ಮೊದಲನೆಯದರ ಸಂದುಗಳು ಮುಚ್ಚುವಂತೆ ಅಡ್ಡಲಾಗಿ ಹಾಸಿ. ಮಡಿಯ ಸುತ್ತ ಒಂದು ಅಡಿ ಓಡಾಡುವ ದಾರಿಗೂ ರಟ್ಟು ಚಾಚಿರಲಿ. ಇಲ್ಲದಿದ್ದರೆ ದಾರಿಯ ಗರಿಕೆ ಎರಡೇ ತಿಂಗಳಲ್ಲಿ ಮಡಿಗೆ ನುಗ್ಗುತ್ತದೆ.

ಗೆದ್ದಲಿನ ಭಯದ ಬಗ್ಗೆ: ಅದಕ್ಕೆ ಬೇಕಾಗಿರುವುದು ಸತ್ತ ನಾರು. ಒಣಗಿದ ರಟ್ಟಿಗೆ ಅದು ಮೊದಲು ಮುತ್ತುತ್ತದೆ. ಸದಾ ಒದ್ದೆಯಾಗಿರುವ, ಮೇಲೆ ಗೊಬ್ಬರ ಹೊದ್ದ ರಟ್ಟನ್ನು ಅದಕ್ಕಿಂತ ಮುಂಚೆ ಬೂಷ್ಟು ಮತ್ತು ಎರೆಹುಳುಗಳು ತಿಂದು ಮುಗಿಸುತ್ತವೆ. ಆದ್ದರಿಂದ ಔಷಧಿ ಸುರಿಯುವ ಮೊದಲು ರಟ್ಟಿನ ಅಂಚುಗಳನ್ನು ನೋಡಿ. ಗೊಬ್ಬರದಿಂದ ಹೊರಗೆ ಇಣುಕುವ ಒಣ ಅಂಚೇ ಗೆದ್ದಲಿನ ಬಾಗಿಲು. ಅದನ್ನು ಎಲೆ, ಮಣ್ಣಿನಿಂದ ಮುಚ್ಚಿ ನೀರು ಹಾಕಿ. ಹತ್ತಿರದಲ್ಲೇ ಹುತ್ತ ಇದ್ದರೆ ಮಾತ್ರ ರಟ್ಟಿನ ಆಸೆ ಬಿಟ್ಟು, ಹಸಿ ಎಲೆಗಳ ದಪ್ಪ ಹಾಸು ಹಾಕುವುದು ಮೇಲು. ಬಾಳೆಎಲೆ, ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಸೊಪ್ಪು ಇದಕ್ಕೆ ಚೆನ್ನ.

ಹಂತ 5: ಗೊಬ್ಬರ ಹರಡುವುದು

ರಟ್ಟು ಹಾಸಿದ ದಿನವೇ, ಅದು ಒಣಗುವ ಮುನ್ನ, ಗೊಬ್ಬರ ಹರಡಿ. ಆರು ಇಂಚು ದಪ್ಪ ಬೇಕು. 4 ಅಡಿ ಅಗಲ, 8 ಅಡಿ ಉದ್ದದ ಮಡಿಗೆ ಇದು 16 ಘನ ಅಡಿ, ಅಂದಾಜು 450 ಲೀಟರ್. ಈ ಲೆಕ್ಕ ಕೇಳಿ ಗಾಬರಿಯಾಗಿ ಎರಡು ಇಂಚಿಗೆ ನಿಲ್ಲಿಸುವವರೇ ಜಾಸ್ತಿ. ಎರಡು ಇಂಚಿನಲ್ಲಿ ಬೀಜ ಮೊಳೆಯುತ್ತದೆ, ಬೇರು ಗಟ್ಟಿ ರಟ್ಟಿಗೆ ತಾಗಿ ನಿಲ್ಲುತ್ತದೆ, ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ. ಗೊಬ್ಬರ ಕಡಿಮೆಯಿದ್ದರೆ ಮಡಿಯ ಉದ್ದ ಕಡಿಮೆ ಮಾಡಿ, ದಪ್ಪ ಕಡಿಮೆ ಮಾಡಬೇಡಿ. ನಾಲ್ಕು ಅಡಿ ಉದ್ದದ ಒಳ್ಳೆಯ ಮಡಿ ಮನೆಗೆ ಸೊಪ್ಪು ಕೊಡುತ್ತದೆ.

ಇಲ್ಲಿ ಇನ್ನೊಂದು ತಪ್ಪು ಮರುಕಳಿಸುತ್ತಲೇ ಇರುತ್ತದೆ: ಒಣ ಎಲೆ, ಮರದ ಹೊಟ್ಟನ್ನು ಗೊಬ್ಬರದ ಒಳಗೆ ಬೆರೆಸುವುದು. ಒಳಗೆ ಸೇರಿದ ಒಣ ಪದಾರ್ಥವನ್ನು ಕೊಳೆಸಲು ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಅದೇ ಎಲೆ ಮೇಲೆ ಹೊದಿಕೆಯಾಗಿ ಬಿದ್ದರೆ ಈ ತೊಂದರೆ ಇಲ್ಲ. ಅಡುಗೆಮನೆಯ ಹಸಿ ಕಸವನ್ನೂ ಮಡಿಯೊಳಗೆ ಹೂಳಬೇಡಿ. ಒಂದೇ ರಾತ್ರಿಯಲ್ಲಿ ಹೆಗ್ಗಣ ಬಂದು ಮಡಿಯನ್ನೂ ರಟ್ಟನ್ನೂ ತೋಡಿಹಾಕುತ್ತದೆ.

ಹರಡಿದ ಮೇಲೆ ಸಲಿಕೆಯ ಬೆನ್ನಿನಿಂದ ಮೆಲ್ಲಗೆ ತಟ್ಟಿ, ರೋಸ್ ಪೈಪಿನಿಂದ ನೀರು ಕೊಡಿ. ಗೊಬ್ಬರ ಕುಸಿದು ನಾಲ್ಕೈದು ಇಂಚಿಗೆ ಬರುವುದು ಸಹಜ.

ಹಂತ 6: ಎರಡು ವಾರ ಬಿಡಿ

ಕೊಟ್ಟಿಗೆ ಗೊಬ್ಬರದಲ್ಲಿ ಕಳೆಬೀಜ ಇದ್ದೇ ಇರುತ್ತದೆ. ದನ ತಿಂದ ಮೇವಿನದು. ಎರಡು ವಾರ ದಿನಾ ನೀರು ಚಿಮುಕಿಸಿದರೆ ಅವು ಹಸಿರು ಪೊರೆಯಂತೆ ಎದ್ದು ನಿಲ್ಲುತ್ತವೆ. ಬಿಸಿಲಿರುವ ಬೆಳಿಗ್ಗೆ ಕೈಯಿಂದ ಮೇಲ್ಮೈಯನ್ನು ಅರ್ಧ ಇಂಚು ಕೆದರಿ ಬಿಟ್ಟರೆ ಸಂಜೆಗೆ ಬಾಡುತ್ತವೆ. ಬಿತ್ತಿದ ಮೇಲೆ ಇದೇ ಕಳೆಯನ್ನು ಮೆಂತ್ಯ, ದಂಟಿನ ನಡುವಿನಿಂದ ಒಂದೊಂದೇ ಹೆಕ್ಕಬೇಕಾಗುತ್ತದೆ.

ಹಂತ 7: ಬಿತ್ತನೆ, ನಾಟಿ

ಮೊದಲ ಬೆಳೆಗೆ ಮೇಲ್ಪದರದಲ್ಲೇ ಬೇರು ಬಿಡುವವನ್ನು ಆರಿಸಿ: ದಂಟು, ಹರಿವೆ, ಪಾಲಕ್, ಮೆಂತ್ಯ, ಕೊತ್ತಂಬರಿ. ಮೆಂತ್ಯ, ದಂಟು ತಿಂಗಳೊಳಗೆ ಕೈಗೆ ಬರುತ್ತವೆ. ಅಷ್ಟರಲ್ಲಿ ರಟ್ಟು ಮೆತ್ತಗಾಗಿರುತ್ತದೆ. ಅದನ್ನು ತಿಳಿಯಲು ಒಂದು ಮೂಲೆಯಲ್ಲಿ ಗೊಬ್ಬರ ಸರಿಸಿ ಬೆರಳು ಒತ್ತಿ. ರಟ್ಟು ಹರಿದರೆ ಬದನೆ, ಟೊಮೆಟೊ, ಮೆಣಸಿನಕಾಯಿ ಸಸಿ ಇಳಿಸಬಹುದು. ಟೊಮೆಟೊ 25 ದಿನದ್ದು, ಬದನೆ 30 ದಿನದ್ದು, ಮೆಣಸಿನಕಾಯಿ 35–40 ದಿನದ ಸಸಿ ಇರಲಿ. ಬದನೆ, ಟೊಮೆಟೊಗೆ 2 ಅಡಿ ಅಂತರ, ಬೆಂಡೆಗೆ ಒಂದು ಅಡಿ. ಸಂಜೆ ನೆಡಿ.

ಹೀರೆ, ಸೌತೆ, ಕುಂಬಳವನ್ನು ಮೊದಲೇ ಹಾಕುವ ಆಸೆಯಿದ್ದರೆ ಆ ಜಾಗದಲ್ಲಿ ಮಾತ್ರ ಗೊಬ್ಬರ ಸರಿಸಿ, ರಟ್ಟಿಗೆ ನಾಲ್ಕು ಇಂಚಿನ ಅಡ್ಡಗೀಟು ಕೊಯ್ದು, ಗೊಬ್ಬರ ತುಂಬಿ ಬೀಜ ಹಾಕಿ. ಕ್ಯಾರೆಟ್, ಮೂಲಂಗಿ ಮೊದಲ ಹಂಗಾಮಿಗೆ ಬೇಡ. ಗಡ್ಡೆ ರಟ್ಟಿಗೆ ತಾಗಿ ಕವಲೊಡೆಯುತ್ತದೆ.

ಹಂತ 8: ಹೊದಿಕೆ ಮತ್ತು ನೀರು

ಬೀಜ ಮೊಳೆತು ಬೆರಳುದ್ದ ಆಗುವವರೆಗೆ ಹೊದಿಕೆ ಹಾಕಬೇಡಿ. ಆಮೇಲೆ ಎರಡು ಇಂಚು ಒಣ ಎಲೆ ಅಥವಾ ಹುಲ್ಲು, ಕಾಂಡದಿಂದ ಎರಡು ಇಂಚು ದೂರ. ಕಾಂಡಕ್ಕೆ ತಾಗಿದ ಒದ್ದೆ ಹೊದಿಕೆಯಿಂದ ಬುಡ ಕೊಳೆಯುತ್ತದೆ. ಹೊಂಗೆ ಎಲೆ ಉತ್ತಮ. ತೇಗದ ಎಲೆಯನ್ನು ಹರಿದು ಹಾಕಿ, ಇಡೀ ಎಲೆ ನೀರನ್ನು ಹೊರಕ್ಕೆ ಜಾರಿಸುತ್ತದೆ. ನೀಲಗಿರಿ, ಅಕೇಶಿಯ ಬೇಡ. ಭತ್ತದ ಹುಲ್ಲನ್ನು ಬಡಿದು ಕಾಳು ಉದುರಿಸಿ ತನ್ನಿ. ಮಳೆಗಾಲದಲ್ಲಿ ಹೊದಿಕೆ ಒಂದು ಇಂಚಿಗೆ ಇಳಿಯಲಿ, ಬೇಸಿಗೆಯಲ್ಲಿ ಮೂರಕ್ಕೆ ಏರಲಿ.

ನೀರಿಗೆ ಗಡಿಯಾರ ನೋಡಬೇಡಿ. ಹೊದಿಕೆ ಸರಿಸಿ ಎರಡು ಇಂಚು ಬೆರಳಿಳಿಸಿ, ಒಣಗಿದ್ದರೆ ಕೊಡಿ. ಮೊದಲ ಎರಡು ತಿಂಗಳು ಸಾಮಾನ್ಯ ಪಾತಿಗಿಂತ ಹೆಚ್ಚು ನೀರು ಬೇಕಾಗಬಹುದು, ಬೇರು ಇನ್ನೂ ರಟ್ಟಿನ ಮೇಲೇ ಇರುತ್ತದೆ. ಆಮೇಲೆ ತಾನಾಗಿ ಕಡಿಮೆಯಾಗುತ್ತದೆ.

ಅಪಾಯದ ಸೂಚನೆಗಳು

ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಬಕೆಟ್ ನೀರಿನಲ್ಲಿ ಎರಡು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ವಾರಕ್ಕೊಮ್ಮೆ ಬುಡಕ್ಕೆ ಹಾಕಿ. ಜೀವಾಮೃತವಿದ್ದರೆ (ಸಗಣಿ, ಗಂಜಲ, ಬೆಲ್ಲ, ಬೇಳೆ ಹಿಟ್ಟು ನೀರಿನಲ್ಲಿ ಕಲಸಿ ಹುದುಗಿಸಿದ್ದು) ಅದನ್ನೂ ಇದೇ ಪ್ರಮಾಣದಲ್ಲಿ ತೆಳು ಮಾಡಿ ಕೊಡಬಹುದು. ಎಳೆ ಎಲೆಯ ಅಂಚು ಸುಟ್ಟಂತೆ ಕಂದಾದರೆ ಗೊಬ್ಬರ ಹಸಿಯಿದೆ. ಹಿಂಡಿ, ಜೀವಾಮೃತ ಯಾವುದನ್ನೂ ಹಾಕದೆ ಬರೀ ನೀರು ಕೊಡುತ್ತ ಕಾಯಿರಿ.

ಮಡಿಯಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಳಗೆ ನೀರು ನಿಂತಿದೆ. ಹೊದಿಕೆ ಪೂರ್ತಿ ತೆಗೆದು, ಸಲಾಕೆಯಿಂದ ಅಡಿಗೊಂದರಂತೆ ರಟ್ಟು ದಾಟಿ ಚುಚ್ಚಿ, ಮಡಿಯ ತಗ್ಗಿನ ಬದಿಯಲ್ಲಿ ಸಣ್ಣ ಕಾಲುವೆ ಮಾಡಿ.

ಬೆಳಗಾಗುವಷ್ಟರಲ್ಲಿ ಸಸಿಗಳು ಬುಡದವರೆಗೆ ಮಾಯವಾಗಿ, ಮಣ್ಣಿನ ಮೇಲೆ ಬೆಳ್ಳಿಗೆರೆ ಕಂಡರೆ ಬಸವನಹುಳು. ಆಫ್ರಿಕನ್ ಬಸವನಹುಳು ಈಗ ಬೆಂಗಳೂರಿನ ಹಿತ್ತಲುಗಳಿಗೂ ಬಂದಿದೆ. ಸಂಜೆ ಒದ್ದೆ ಗೋಣಿತಾಟು ಹಾಸಿ, ಕೆಳಗೆ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ತೊಗಟೆ ಇಡಿ. ಬೆಳಿಗ್ಗೆ ಅಡಿಯಲ್ಲಿ ಸೇರಿದವನ್ನು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಿಂದ ಮುಟ್ಟಬೇಡಿ, ಮನುಷ್ಯರ ಮಿದುಳಿನ ಪೊರೆಗೆ ಸೋಂಕು ತರುವ ಜಂತು ಅವುಗಳಲ್ಲಿರಬಹುದು. ಆ ಹಂಗಾಮಿನಲ್ಲಿ ಹಸಿಯಾಗಿ ತಿನ್ನುವ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಮಡಿಯ ಮೇಲೆ ಉಪ್ಪು ಮಾತ್ರ ಎರಚಬೇಡಿ, ಮಣ್ಣು ಕೆಡುತ್ತದೆ.

ಅಣಬೆ ಎದ್ದರೆ ಚಿಂತೆ ಬೇಡ. ಕೆಳಗೆ ರಟ್ಟು ಕೊಳೆಯುತ್ತಿದೆ ಎಂಬುದಷ್ಟೇ ಅದರ ಅರ್ಥ. ತಿನ್ನಬೇಡಿ, ಮಕ್ಕಳಿರುವ ಮನೆಯಾದರೆ ಕಿತ್ತುಹಾಕಿ.

ಗರಿಕೆ, ತುಂಗೆಯ ಮೊದಲ ಕುಡಿ ಕಂಡ ದಿನವೇ ಕೀಳಿ. ವಾರಕ್ಕೊಮ್ಮೆ, ನಾಲ್ಕು ಎಲೆ ಬರುವ ಮುನ್ನ ಕಿತ್ತರೆ ಗಡ್ಡೆಯಲ್ಲಿ ಕೂಡಿಟ್ಟ ಶಕ್ತಿ ಕರಗುತ್ತ ಹೋಗುತ್ತದೆ. ಒಂದು ತಿಂಗಳು ಬಿಟ್ಟರೆ ಹೊಸ ಗಡ್ಡೆಗಳು ಕಟ್ಟಿಕೊಂಡು ಮೊದಲಿನ ಕೆಲಸವೆಲ್ಲ ನೀರುಪಾಲಾಗುತ್ತದೆ.

ಹಂತ 9: ಕೊಯ್ಲಾದ ಮೇಲೆ

ಬೆಳೆ ಮುಗಿದ ಗಿಡವನ್ನು ಕೀಳದೆ ನೆಲಮಟ್ಟಕ್ಕೆ ಕತ್ತರಿಸಿ. ಬೇರು ಒಳಗೇ ಕೊಳೆತು ಮುಂದಿನ ಬೆಳೆಯ ಬೇರಿಗೂ ನೀರಿಗೂ ಕೊಳವೆಯಾಗುತ್ತದೆ. ಬೀನ್ಸ್, ಅಲಸಂದೆಯ ಬೇರಿನ ಗಂಟುಗಳು ಸಾರಜನಕವನ್ನೂ ಬಿಟ್ಟುಹೋಗುತ್ತವೆ. ಇದಕ್ಕೆ ಎರಡು ಅಪವಾದಗಳು ತಪ್ಪದೆ ನೆನಪಿರಬೇಕು. ಟೊಮೆಟೊ, ಬದನೆ ಹಸಿರಾಗಿರುವಾಗಲೇ ಹಗಲು ಹೊತ್ತು ಜೋತುಬಿದ್ದು ಸತ್ತಿದ್ದರೆ ಅದು ಸೊರಗು ರೋಗ. ಬೇರಿನ ಮೇಲೆ ಉಜ್ಜಿದರೆ ಉದುರದ ಉಬ್ಬುಗಳಿದ್ದರೆ ಜಂತುಹುಳುವಿನ ಗಂಟು ರೋಗ. ಈ ಗಿಡಗಳನ್ನು ಬೇರುಸಮೇತ ಎಬ್ಬಿಸಿ ಮಡಿಯಿಂದ ದೂರ ಒಯ್ದು ಸುಡಿ, ಕಾಂಪೋಸ್ಟಿಗೆ ಹಾಕಬೇಡಿ. ಆ ಜಾಗಕ್ಕೆ ಮುಂದಿನ ಬೆಳೆಯಾಗಿ ಚೆಂಡುಹೂ ಹಾಕಿದರೆ ಬೇರಿನ ಗಂಟು ಹುಳು ಕಡಿಮೆಯಾಗುತ್ತದೆ. ಸೊರಗು ರೋಗ ಬಂದಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಬಿಟ್ಟು ಬೇರೆ ಬೆಳೆ ಹಾಕಿ.

ಎರಡನೇ ವರ್ಷದಿಂದ ರಟ್ಟು ಬೇಡ, ಆರು ಇಂಚು ಗೊಬ್ಬರವೂ ಬೇಡ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೊದಿಕೆ ಸರಿಸಿ, ಒಂದೂವರೆ ಇಂಚು ಕಳಿತ ಗೊಬ್ಬರ ಮೇಲೆ ಹರಡಿ. ಈ ಮಡಿಗೆ ಐದಾರು ಬಕೆಟ್ ಸಾಕು. ಅದನ್ನು ಮಣ್ಣಿಗೆ ಬೆರೆಸುವ ಕೆಲಸ ಎರೆಹುಳುಗಳಿಗೆ ಬಿಡಿ. ಹೊಸ ಮಡಿ ಮಾಡುವ ಮನಸ್ಸಿದ್ದರೆ ಹಳೆಯದರ ಪಕ್ಕದ ದಾರಿ ಬಿಟ್ಟು ಆಚೆ ಬದಿಗೆ ಮತ್ತೆ ಹಂತ 1ರಿಂದ, ಮೊದಲು ಗೊಬ್ಬರ ಹುಡುಕಿಟ್ಟುಕೊಂಡು, ಶುರು ಮಾಡಿ.